ನೀರೊಳಗಿನ ಸ್ಕೂಟರ್ ಮತ್ತು ಒಂದು ತುಂಡು ಮೇಣದಬತ್ತಿ

ಜನವರಿ ೫, ಸೋಮವಾರ

ರಿಪೇರಿ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಬಿದ್ದಿವೆ. ಅವುಗಳಲ್ಲೇ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಮೂರೇ ಮೂರು ಕಾಲಂ: ಬಂದದ್ದು, ದೋಷ, ಮಾಡಿದ್ದು. ಸೂಟ್‌ಕೇಸ್; ಚಕ್ರ ಮುರಿದಿದೆ; ಹೊಸದು ಹಾಕಿದೆ. ಫುಟ್‌ಪಾತಿನ ಮೇಲೆ ಗೋಣಿ ಹಾಸಿಕೊಂಡು ಝಿಪ್ ರಿಪೇರಿ ಮಾಡುತ್ತಿದ್ದ ಕಾಲದಿಂದ ಈಗಿನ ಎರಡು ಬಾಗಿಲಿನ ಬ್ಯಾಗ್ ಅಂಗಡಿಯವರೆಗೆ ಮೂವತ್ತೊಂದು ವರ್ಷ ಇದೇ ಮೂರು ಕಾಲಮ್ಮಿನಲ್ಲಿ ಬದುಕಿದ್ದೇನೆ. ಈಗ ಬಂದಿರುವುದು ಯಾವ ಕಾಲಮ್ಮಿಗೂ ಸೇರುತ್ತಿಲ್ಲ.

ಬೆಳಿಗ್ಗೆ ಚಹಾ ಕುಡಿಯುವಾಗ ಸೊಸೆ ಕೇಳಿದಳು.

"ಅತ್ತೆ, ನಿಮಗೆ ತೂಕ, ಬ್ಯಾಗು, ವಿಮಾನದ ರೂಲ್ಸು ಎಲ್ಲಾ ಗೊತ್ತು. ನಂಗೊಂದು ಅಂಡರ್‌ವಾಟರ್ ಸ್ಕೂಟರ್ ಆರಿಸಿಕೊಡ್ತೀರಾ?"

ಸ್ಕೂಟರ್ ಎಂದರೆ ಚಕ್ರದ್ದಲ್ಲ. ಎರಡು ಕೈಯಲ್ಲಿ ಹಿಡಿದು ಗುಂಡಿ ಒತ್ತಿದರೆ ಒಳಗಿನ ಫ್ಯಾನು ತಿರುಗಿ, ಹಿಡಿದವರನ್ನು ನೀರೊಳಗೆ ಎಳೆದುಕೊಂಡು ಹೋಗುವ ಯಂತ್ರ. ಕಾಲು ಬಡಿಯುವ ಕೆಲಸವಿಲ್ಲ. ನನ್ನ ಮಗ ಅದನ್ನು ಸೋಮಾರಿಗಳ ಗಾಡಿ ಎನ್ನುತ್ತಿದ್ದ.

"ಎಲ್ಲಿಗೆ?" ಎಂದೆ. ಗೊತ್ತಿದ್ದೇ ಕೇಳಿದೆ.

"ಅಲ್ಲಿಗೇ. ಮಾರ್ಚಿನಲ್ಲಿ ನೀರು ಶಾಂತ ಇರುತ್ತೆ. ಬಂಡೆಯ ಆಚೆ ಬದಿಗೆ ಒಂದು ಸಲ ಹೋಗಿಬರ್ತೀನಿ. ದೋಣಿ ಕಟ್ಟೋ ಹಗ್ಗದಿಂದ ಇನ್ನೂರ ಇಪ್ಪತ್ತು ಮೀಟರ್. ಈ ಮಂಡಿಯಲ್ಲಿ ಅಷ್ಟು ಕಾಲು ಬಡಿಯೋಕಾಗಲ್ಲ."

ಹದಿನಾಲ್ಕು ತಿಂಗಳ ಹಿಂದೆ ಆ ದ್ವೀಪದಲ್ಲಿ ಮಗ, ಸೊಸೆ ಇಬ್ಬರೂ ಡೈವಿಂಗ್ ಕಲಿಸುತ್ತಿದ್ದರು. ಒಂದು ಬೆಳಿಗ್ಗೆ ಇಬ್ಬರೇ ಇಳಿದರು. ಸೆಳೆತ ಎದ್ದಿತು. ಎರಡು ದಿನದ ಮೇಲೆ ಮಗ ಸಿಕ್ಕಿದ್ದು ಬಂಡೆಯ ಆಚೆ ಬದಿಯಲ್ಲಿ. ಸೊಸೆ ಮಂಡಿಯ ನರ ಹರಿದುಕೊಂಡು ಬದುಕಿ ಬಂದಳು, ಬಂದು ನನ್ನ ಜೊತೆ ಅಂಗಡಿಯ ಮೇಲಿನ ಮನೆಯಲ್ಲಿ ಇದ್ದಾಳೆ. ಆ ದಿನ ಏನಾಯಿತೆಂದು ನಾನು ಕೇಳಿಲ್ಲ, ಅವಳು ಹೇಳಿಲ್ಲ. ಇಳಿದವರು ಇಬ್ಬರು. ಹತ್ತಿದವರು ಒಬ್ಬರು. ಈ ಲೆಕ್ಕ ನನಗೆ ಇನ್ನೂ ಕೂಡಿಬಂದಿಲ್ಲ.

"ಆರಿಸೋಣ ಬಿಡು," ಎಂದೆ. ಬೇಡ ಎಂದರೆ ನಾಳೆಯೇ ತಾನಾಗಿ ತಂದುಬಿಡುತ್ತಾಳೆ. ಆರಿಸುವುದು ನಿಧಾನದ ಕೆಲಸ. ಗಿರಾಕಿಗೆ ಮಾರಬಾರದು ಅಂತಿದ್ದರೆ ಇಲ್ಲ ಅನ್ನಬಾರದು, ಇನ್ನೂ ನಾಲ್ಕು ತೋರಿಸಬೇಕು.

ಜನವರಿ ೮, ಗುರುವಾರ

ಡೈವಿಂಗ್ ಸಾಮಾನಿನ ಅಂಗಡಿಗೆ ಹೋಗಿದ್ದೆವು. ಅಂಗಡಿಯವನಿಗೆ ಗುಳ್ಳೆ ಎಂದು ಹೆಸರಿಟ್ಟಿದ್ದೇನೆ. ಬಾಯಿ ತೆರೆದರೆ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ.

"ಮೇಡಂ, ಇದು ಮುಕ್ಕಾಲು ಗಂಟೆ ಓಡುತ್ತೆ."

"ಯಾವ ಸ್ಪೀಡಲ್ಲಿ?"

"ನಿಧಾನಕ್ಕೆ ಹೋದ್ರೆ."

"ಸೆಳೆತದ ಎದುರು, ಜೋರಾಗಿ ಹೋದ್ರೆ?"

"ಒಂದಿಪ್ಪತ್ತು ನಿಮಿಷ ಅಂದ್ಕೊಳ್ಳಿ."

"ನಾನು ಅಂದ್ಕೊಂಡ್ರೆ ಬ್ಯಾಟರಿ ಓಡಲ್ಲಪ್ಪಾ. ಅಳೆದು ಹೇಳು."

ಅವನು ನಕ್ಕ. ಮಾರುವವರು ನಕ್ಕರೆ ಉತ್ತರ ಗೊತ್ತಿಲ್ಲವೆಂದು ಅರ್ಥ. ನಾನೂ ಹಾಗೇ ನಗುತ್ತೇನೆ. ಆಮೇಲೆ ನನ್ನ ಬಾಯಿಂದ ಒಂದು ಪ್ರಶ್ನೆ ಬಂತು, ನಾನು ಯೋಚಿಸಿ ಕೇಳಿದ್ದಲ್ಲ.

"ಇದು ಇಬ್ಬರನ್ನ ಎಳೆಯುತ್ತಾ?"

"ಎಳೆಯುತ್ತೆ ಮೇಡಂ, ಸ್ಪೀಡು ಕಮ್ಮಿ ಆಗುತ್ತೆ ಅಷ್ಟೇ. ಒಬ್ಬರು ಸುಸ್ತಾದ್ರೆ ಇನ್ನೊಬ್ಬರು ಕಟ್ಕೊಂಡು ಬರಬಹುದು."

ಸೊಸೆ ಅಷ್ಟರಲ್ಲಿ ಅಂಗಡಿಯ ಇನ್ನೊಂದು ಮೂಲೆಗೆ ಹೋಗಿ ರಬ್ಬರ್ ಬೂಟುಗಳನ್ನು ನೋಡುತ್ತ ನಿಂತಿದ್ದಳು. ಬಹಳ ಹೊತ್ತು ಒಂದೇ ಬೂಟು ನೋಡಿದಳು.

ಜನವರಿ ೧೧, ಭಾನುವಾರ

ಅಂಗಡಿ ರಜೆ. ಗುಳ್ಳೆ ಕೊಟ್ಟ ಕಾಗದಗಳನ್ನು ಹರಡಿಕೊಂಡು ಕೂತೆ.

ಹಳದಿಯದು ಚೆನ್ನಾಗಿದೆ, ಎರಡೂವರೆ ಕಿಲೋ, ಬೆನ್ನ ಚೀಲದಲ್ಲಿ ಕೂರುತ್ತದೆ. ಆದರೆ ಮೂವತ್ತು ಮೀಟರ್ ಆಳಕ್ಕೆ ಮಾತ್ರ. ಬಂಡೆಯ ಬುಡ ಇಪ್ಪತ್ತಾರು ಮೀಟರ್ ಎಂದಳು ಸೊಸೆ. ನಾಲ್ಕೇ ಮೀಟರ್ ಹೆಚ್ಚುವರಿ. ಬ್ಯಾಗಿನ ಹಿಡಿಕೆ ಹತ್ತು ಕಿಲೋ ತಡೆಯುತ್ತದೆ ಎಂದು ಬರೆದಿದ್ದರೆ ನಾನು ಆರೇ ಹಾಕುವವಳು. ಬೇಡ.

ಎರಡು ಮೂತಿಯದು ಬಲಶಾಲಿ. ಆದರೆ ಬ್ಯಾಟರಿ ದೊಡ್ಡದು. ಬ್ಯಾಟರಿಯ ಶಕ್ತಿಯನ್ನು ವಾಟ್-ಅವರ್ ಎಂದು ಅಳೆಯುತ್ತಾರೆ. ನೂರರೊಳಗಿದ್ದರೆ ವಿಮಾನದಲ್ಲಿ ತಕರಾರಿಲ್ಲ, ನೂರ ಅರವತ್ತರವರೆಗೆ ಕಂಪನಿಯ ಒಪ್ಪಿಗೆ ಬೇಕು, ಅದರಾಚೆ ಮನೆಯಲ್ಲೇ ಇಡಬೇಕು. ಇದರದ್ದು ನೂರ ಎಂಬತ್ತು. ಇದನ್ನು ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು ಎಂದು ಬರೆದಿದ್ದಾರೆ. ಯಾವ ಪ್ರಯಾಣ, ಎತ್ತಿನಗಾಡಿಯದೇ?

ಕೊಳವೆಯಂತಿರುವುದು ಆರು ಕಿಲೋ. ದ್ವೀಪಕ್ಕೆ ಹೋಗುವ ಚಿಕ್ಕ ವಿಮಾನದಲ್ಲಿ ತಲೆಗೆ ಹದಿನೈದು ಕಿಲೋ ಸಾಮಾನು, ಐದು ಕಿಲೋ ಕೈಚೀಲ. ಇದೊಂದೇ ಅರ್ಧ ನುಂಗುತ್ತದೆ.

ಬೂದು ಬಣ್ಣದ್ದು ಮೂರು ಕಿಲೋ ನಾನೂರು ಗ್ರಾಂ. ನಲವತ್ತು ಮೀಟರ್. ಬ್ಯಾಟರಿ ತೊಂಬತ್ತೆಂಟು, ಅದನ್ನು ಬಿಚ್ಚಿ ಕೈಚೀಲದಲ್ಲಿ ಒಯ್ಯಬಹುದು. ಗುಂಡಿ ಬಿಟ್ಟರೆ ತಾನೇ ನಿಲ್ಲುತ್ತದೆ. ಇದರಲ್ಲಿ ಏನು ತಪ್ಪು ಹುಡುಕಲಿ ಎಂದು ಮಧ್ಯಾಹ್ನವೆಲ್ಲ ನೋಡಿದೆ. ಕೊನೆಗೆ ಸಿಕ್ಕಿತು: ಬ್ಯಾಟರಿ ಮುಚ್ಚಳ ತಿರುಗಿಸುವ ಜಾತಿಯದು, ಬಿಗಿ ಜಾಸ್ತಿ. ಸೊಸೆಯ ಕೈ ಚಿಕ್ಕದು.

ಇದನ್ನು ಬರೆಯುವಾಗ ಮೆಟ್ಟಿಲ ಮೇಲೆ ಅವಳ ಸದ್ದು. ದಿನಾ ಬೆಳಿಗ್ಗೆ ಸಂಜೆ ಮಂಡಿಯ ವ್ಯಾಯಾಮ. ಮೇಲಕ್ಕೆ ಇಪ್ಪತ್ತು, ಕೆಳಕ್ಕೆ ಇಪ್ಪತ್ತು. ಒಂದು ಗಟ್ಟಿ, ಒಂದು ಮೆತ್ತಗೆ. ಎಡಗಾಲಿನದು ಮೆತ್ತಗೆ. ಮೊದಲು ತಲೆನೋವು ತರುತ್ತಿತ್ತು, ಈಗ ಎಣಿಸುತ್ತ ಕೂರುತ್ತೇನೆ.

ಜನವರಿ ೧೭, ಶನಿವಾರ

ಇನ್ನೂ ಮೂರು ಯಂತ್ರ ಬೇಡವೆಂದೆ. ಒಂದರ ಹಿಡಿಕೆ ಜಾರುತ್ತದೆ, ಒಂದರ ಸದ್ದು ಜಾಸ್ತಿ, ಒಂದರ ಬಣ್ಣ ನೀರಿನ ಬಣ್ಣವೇ, ಕೈಬಿಟ್ಟರೆ ಕಾಣುವುದಿಲ್ಲ.

ನಮ್ಮ ಅಂಗಡಿಯ ಹೊಲಿಗೆ ಮೇಷ್ಟ್ರು ಇಪ್ಪತ್ತೆರಡು ವರ್ಷದಿಂದ ನನ್ನ ಎದುರಿಗೇ ಕೂತವರು. ಮಷೀನಿನಿಂದ ಕಣ್ಣೆತ್ತದೆ ಅಂದರು:

"ಅಕ್ಕಾ, ಮೊಸರಲ್ಲಿ ಕಲ್ಲು ಹುಡುಕ್ತಿದ್ದೀರಿ."

"ನೀವು ದಾರ ನೋಡ್ಕೊಳ್ಳಿ ಮೇಷ್ಟ್ರೇ."

"ದಾರ ಸರಿಯಾಗೇ ಇದೆ. ನಿಮ್ಮ ಮಗನಿಗೆ ಹುಡುಗಿ ನೋಡುವಾಗಲೂ ಹಿಂಗೇ ಮಾಡಿದ್ರಿ. ಒಬ್ಬಳ ಮೂಗು, ಒಬ್ಬಳ ಮಾತು. ಕೊನೆಗೆ ಅವನೇ ಒಬ್ಬಳನ್ನ ಕರ್ಕೊಂಡು ಬಂದ."

"ಬಂದು ಏನಾಯ್ತು?"

ಬಾಯಿತಪ್ಪಿ ಬಂದ ಮಾತು. ಮೇಷ್ಟ್ರ ಕಾಲು ಪೆಡಲಿನ ಮೇಲೆ ನಿಂತಿತು. ತಿರುಗಿ ನೋಡಿದರೆ ಸೊಸೆ ಗೋಡೌನಿನ ಬಾಗಿಲಲ್ಲಿ, ಎರಡೂ ಕೈಯಲ್ಲಿ ಟ್ರಾಲಿ ಬ್ಯಾಗು ಹಿಡಿದು ನಿಂತಿದ್ದಾಳೆ.

"ಇದಕ್ಕೆ ಬಿಲ್ ಹಾಕ್ಲಾ ಅತ್ತೆ?" ಎಂದಳು.

"ಹಾಕು," ಎಂದೆ.

ಜನವರಿ ೧೯, ಸೋಮವಾರ

ಏನೂ ಇಲ್ಲ. ಎಂಟು ಝಿಪ್, ಎರಡು ಹಿಡಿಕೆ.

ಜನವರಿ ೨೭, ಮಂಗಳವಾರ

ಸೊಸೆ ಬೂದು ಬಣ್ಣದ್ದನ್ನು ತಂದೇಬಿಟ್ಟಳು. ಕೌಂಟರಿನ ಮೇಲೆ ಇಟ್ಟಳು.

"ನೀವು ಏಳರಲ್ಲೂ ತಪ್ಪು ಹೇಳಿದ್ರಿ ಅತ್ತೆ. ಇದರಲ್ಲಿ ಮಾತ್ರ ಮುಚ್ಚಳ ಬಿಗಿ ಅನ್ನೋ ಸಣ್ಣ ತಪ್ಪು. ಅಂದ್ರೆ ಇದೇ ಒಳ್ಳೇದು ಅಂತ ಅರ್ಥ ಮಾಡ್ಕೊಂಡೆ."

ಮೂವತ್ತೊಂದು ವರ್ಷ ಗಿರಾಕಿಗಳನ್ನು ಓದಿದವಳನ್ನು ಓದುವವಳೊಬ್ಬಳು ಮನೆಯಲ್ಲೇ ಇದ್ದಾಳೆ. ಇಂಗು ತಿಂದ ಮಂಗನಂತೆ ನಿಂತೆ. ತಕ್ಕಡಿಗೆ ಇಟ್ಟು ನೋಡಿದೆ: ಮೂರು ಕಿಲೋ ನಾನೂರ ಅರವತ್ತು. ಅರವತ್ತು ಗ್ರಾಂ ಸುಳ್ಳು ಹೇಳಿದ್ದಾರೆ. ಮಾರ್ಚ್ ಒಂದಕ್ಕೆ ದ್ವೀಪಕ್ಕೆ ಟಿಕೆಟ್ ಕೂಡ ತೆಗೆದಿದ್ದಾಳೆ. ಒಂದೇ ಟಿಕೆಟ್.

ಫೆಬ್ರವರಿ ೨, ಸೋಮವಾರ

ನಾಳೆ ಈಜುಕೊಳದಲ್ಲಿ ಪರೀಕ್ಷೆ. ಸಂಜೆ ಅವಳು ಮುಚ್ಚಳ ತೆಗೆಯಲು ಒದ್ದಾಡುತ್ತಿದ್ದಳು. ಮುಚ್ಚಳದ ಸುತ್ತ ಒಂದು ಕಪ್ಪು ರಬ್ಬರ್ ಉಂಗುರವಿದೆ. ನೀರು ಒಳಗೆ ಹೋಗದಂತೆ ತಡೆಯುವುದು ಅದೊಂದೇ. ಅದೇ ಹಿಡಿದುಕೊಳ್ಳುತ್ತಿತ್ತು.

"ಬಿಡು, ಮಂಡಿ ಸಾಲದೆ ಕೈಯೂ ತಿರುಚಿಕೊಳ್ತೀಯ. ನಾನು ಸಡಿಲ ಮಾಡಿಡ್ತೀನಿ," ಎಂದೆ.

ಅವಳು ಮೇಲೆ ಹೋದಳು. ನಾನು ಡ್ರಾಯರಿನಿಂದ ಮೇಣದಬತ್ತಿಯ ತುಂಡು ತೆಗೆದು ಉಂಗುರದ ಸುತ್ತ, ಅದು ಕೂರುವ ತೋಡಿನ ಸುತ್ತ ಉಜ್ಜಿದೆ. ಝಿಪ್ ಹಿಡಿದರೆ ಮೇಣ ಉಜ್ಜುವುದು ನನ್ನ ಕೈಗೆ ಉಸಿರಾಟದ ಹಾಗೆ. ಮುಚ್ಚಳ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗಿತು. ನನಗೇ ಸಮಾಧಾನವಾಯಿತು. ಆರಿಸಿಕೊಡಲಿಲ್ಲ, ಕಡೇಪಕ್ಷ ಇಷ್ಟಾದರೂ ಮಾಡಿದೆ.

ಫೆಬ್ರವರಿ ೩, ಮಂಗಳವಾರ

ಹನ್ನೆರಡನೇ ನಿಮಿಷಕ್ಕೆ ಯಂತ್ರ ನಿಂತಿತು.

ಅದಕ್ಕೆ ಮುಂಚಿನ ಹನ್ನೊಂದು ನಿಮಿಷವನ್ನೂ ಬರೆದಿಡಬೇಕು. ಹದಿನೈದು ತಿಂಗಳಲ್ಲಿ ಅವಳು ನೀರಿಗೆ ಇಳಿದದ್ದು ಇದೇ ಮೊದಲು. ನಾನು ದಡದ ಬೆಂಚಿನ ಮೇಲೆ ಕೂತಿದ್ದೆ. ಕೊಳದ ತಳದಲ್ಲಿ ಅವಳು ಹೋಗುವುದು ಕಾಣುತ್ತಿತ್ತು. ನೆಲದ ಮೇಲೆ ಕುಂಟುವವಳು ಅಲ್ಲಿ ಕುಂಟಲಿಲ್ಲ. ಮೂಲೆಯಲ್ಲಿ ತಿರುಗುವಾಗ ಭುಜ ಒಂದಿಷ್ಟು ಓರೆ ಮಾಡಿದಳು, ಅಷ್ಟೇ, ಇಡೀ ಮೈ ಹಿಂದೆ ಬಂತು.

ನಿಂತ ಮೇಲೆ ಎತ್ತಿಕೊಂಡು ಬಂದಳು. ಮುಚ್ಚಳ ತೆಗೆದರೆ ಒಳಗೆ ಒಂದು ಚಮಚದಷ್ಟು ನೀರು, ಬ್ಯಾಟರಿಯ ತಾಮ್ರದ ನಾಲಿಗೆಗಳು ಆಗಲೇ ಕಪ್ಪಾಗಿವೆ. ಅವಳು ಟವೆಲ್ ತರಲು ಹೋದಳು. ಉಂಗುರದ ಕೆಳಗೆ ಬಿಳಿಯ ಚೂರುಗಳು ಕಂಡವು. ಉಗುರಿನಿಂದ ಉಜ್ಜಿದರೆ ಹೋಗುವಂಥವು. ಮೇಣ ಪುಡಿಯಾಗಿ ಉಂಗುರವನ್ನು ಎತ್ತಿ ಹಿಡಿದಿತ್ತು. ಆ ಸಂದಿಯಲ್ಲಿ ನೀರು ನುಗ್ಗಿದೆ. ಝಿಪ್ಪಿಗೆ ನೀರಿನ ಜೊತೆ ಜಗಳವಿಲ್ಲ. ಇದಕ್ಕೆ ಇರುವುದು ಅದೊಂದೇ ಜಗಳ.

ಅವಳು ಬರುವಷ್ಟರಲ್ಲಿ ನನ್ನ ಹೆಬ್ಬೆರಳು ಅದನ್ನು ಒರೆಸಿಬಿಟ್ಟಿತ್ತು. ಹೆಬ್ಬೆರಳು ಎಂದು ಬರೆದಿದ್ದೇನೆ. ನಾನು ಒರೆಸಿದೆ.

"ಯಂತ್ರವೇ ಸರಿಯಿಲ್ಲ," ಎಂದೆ.

ಅವಳು ಟವೆಲನ್ನು ಯಂತ್ರಕ್ಕೆ ಸುತ್ತಿದಳು. ತಾನು ಒದ್ದೆಯಲ್ಲೇ ನಿಂತಿದ್ದಳು. "ಬೇಡ ಅಂತಿದ್ದಾನೇನೋ," ಎಂದಳು.

ಫೆಬ್ರವರಿ ೪, ಬುಧವಾರ

ಟಿಕೆಟ್ ವಾಪಸು ಮಾಡಿದಳಂತೆ. ಯಂತ್ರ ಗುಳ್ಳೆಯ ಅಂಗಡಿಗೆ ಹೋಯಿತು. ನನಗೆ ಬೇಕಾದದ್ದೇ ಆಗಿದೆ. ಊಟ ಸೇರಲಿಲ್ಲ, ಅದಕ್ಕೆ ಕಾರಣ ಹವೆ.

ಫೆಬ್ರವರಿ ೯, ಸೋಮವಾರ

ಮೆಟ್ಟಿಲು ಐದು ದಿನದಿಂದ ಸುಮ್ಮನಿದೆ.

ಮೊದಲ ದಿನ ಮರೆತಳು ಎಂದುಕೊಂಡೆ. ಎರಡನೇ ದಿನ ಮಂಡಿ ನೋವಿರಬೇಕು ಎಂದುಕೊಂಡೆ. ಇವತ್ತು ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ, ಧೂಳು ಹೊಡೆದು, ಇಪ್ಪತ್ತರವರೆಗೆ ನಾನೇ ಎಣಿಸಿದೆ. ಯಾರೂ ಇಳಿಯಲಿಲ್ಲ. ಅವಳು ಬಂದು ಬಿಲ್ ಹಾಕುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಎರಡೂ ಹೊತ್ತು ಪಾತ್ರೆ ತೊಳೆಯುತ್ತಾಳೆ. ಎಡಗಾಲು ಮೊದಲಿಗಿಂತ ಹೆಚ್ಚು ಎಳೆಯುತ್ತಿದ್ದಾಳೆ. ಡೈವಿಂಗ್ ಸೂಟನ್ನು ಮಡಚಿ ಗೋಡೌನಿನಲ್ಲಿ ಹಳೇ ಸ್ಟಾಕಿನ ಜೊತೆ ಇಟ್ಟಿದ್ದಾಳೆ, ಮಾರಾಟವಾಗದ ಬ್ಯಾಗುಗಳ ಮೇಲೆ.

ಮೇಷ್ಟ್ರು ಕೇಳಿದರು: "ಮಗು ಯಾಕೆ ಹಿಂಗಾಯ್ತು ಅಕ್ಕಾ?"

"ಯಂತ್ರ ಕೆಟ್ಟುಹೋಯ್ತಲ್ಲ."

"ಯಂತ್ರ ಕೆಟ್ರೆ ರಿಪೇರಿ ಮಾಡ್ತಾರೆ. ನಾವು ಮಾಡೋದೇ ಅದಲ್ವಾ?"

ಮೇಣದಬತ್ತಿಯ ತುಂಡು ಡ್ರಾಯರಿನಲ್ಲೇ ಇದೆ. ಮೂರು ದಿನದಿಂದ ಝಿಪ್ಪುಗಳಿಗೆ ಎಣ್ಣೆ ಹಾಕುತ್ತಿದ್ದೇನೆ. ಕೆಲಸ ಚೆನ್ನಾಗಿ ಬರುತ್ತಿಲ್ಲ.

ಫೆಬ್ರವರಿ ೧೨, ಗುರುವಾರ

ಹನ್ನೊಂದು ಗಂಟೆಗೆ ಗುಳ್ಳೆ ಬಂದ. ಕೈಯಲ್ಲಿ ಯಂತ್ರ, ಬಗಲಲ್ಲಿ ಫೈಲು.

"ಅಕ್ಕಾ, ಕಂಪನಿ ಮೇಲೆ ಕಂಪ್ಲೇಂಟ್ ಹಾಕ್ತಿದ್ದೀನಿ," ಎಂದ ಸೊಸೆಗೆ. "ತಯಾರಿಕೆಯಲ್ಲೇ ತಪ್ಪು ಅಂತ. ಸುಮ್ನೆ ಬಿಡಬಾರದು. ಉಂಗುರಕ್ಕೆ ಬೇರೆ ಏನನ್ನೂ ಹಚ್ಚಿಲ್ಲ, ಪೆಟ್ಟಿಗೆಯಿಂದ ಬಂದ ಹಾಗೇ ಇತ್ತು ಅಂತ ಇಲ್ಲಿ ಒಂದು ಸೈನ್ ಮಾಡಿ."

"ಏನೂ ಹಚ್ಚಿಲ್ಲ," ಎಂದಳು ಸೊಸೆ. ಪೆನ್ನು ತೆಗೆದುಕೊಂಡಳು. ನನ್ನ ಮೇಲೆ ಎಷ್ಟು ನಂಬಿಕೆಯೆಂದರೆ ನನ್ನ ಕಡೆ ನೋಡಲೂ ಇಲ್ಲ.

"ಮಾಡಬೇಡ," ಎಂದೆ.

ಇಬ್ಬರೂ ನೋಡಿದರು. ಮೇಷ್ಟ್ರ ಮಷೀನು ನಿಂತಿತು.

"ನಾನು ಮೇಣ ಹಚ್ಚಿದೆ. ಮುಚ್ಚಳ ಸಡಿಲ ಆಗ್ಲಿ ಅಂತ. ಝಿಪ್ಪಿಗೆ ಹಚ್ಚೋ ಹಾಗೆ."

ಗುಳ್ಳೆ ಫೈಲು ಮುಚ್ಚಿದ. ಆಮೇಲೆ, "ಮೇಣಾನಾ ಮೇಡಂ? ಅದಕ್ಕೆ ಅಂತಲೇ ಒಂದು ಗ್ರೀಸ್ ಬರುತ್ತೆ, ಪೆಟ್ಟಿಗೆಯಲ್ಲೇ ಇತ್ತಲ್ಲ, ಸಣ್ಣ ಟ್ಯೂಬು," ಎಂದ.

"ಗೊತ್ತಿರಲಿಲ್ಲ. ಆದ್ರೆ ಕೊಳದ ಹತ್ರ ಗೊತ್ತಾಯ್ತು. ಚೂರು ಕಾಣಿಸ್ತು. ಒರೆಸಿದೆ." ಇದನ್ನು ಸೊಸೆಗೆ ಹೇಳಿದೆ. "ಮೇಣ ಹಚ್ಚಿದ್ದು ಗೊತ್ತಿಲ್ದೆ. ಒರೆಸಿದ್ದು ಗೊತ್ತಿದ್ದೇ."

ಅವಳು ಪೆನ್ನಿಗೆ ಮುಚ್ಚಳ ಹಾಕಿ, ಕೌಂಟರಿನ ಮೇಲೆ ನೇರವಾಗಿ ಇಟ್ಟು, ಮೇಲೆ ಹೋದಳು. ಗಟ್ಟಿ, ಮೆತ್ತಗೆ, ಗಟ್ಟಿ, ಮೆತ್ತಗೆ, ಇಪ್ಪತ್ತು. ಬಾಗಿಲು ಹಾಕಿದ ಸದ್ದು.

ಪುಸ್ತಕದ ಮುಂಭಾಗದ ರಿಪೇರಿ ಹಾಳೆ ತಿರುಗಿಸಿ ಇವತ್ತಿನ ತಾರೀಖಿನಲ್ಲಿ ಬರೆದೆ. ಬಂದದ್ದು: ಬೂದು ಬಣ್ಣದ ಯಂತ್ರ. ದೋಷ: ನನ್ನದು. ಮೂರನೇ ಕಾಲಂ ಖಾಲಿ ಬಿಟ್ಟೆ.

ಐದು ಗಂಟೆಗೆ ಅವಳು ಇಳಿದು ಬಂದಳು. ಮೇಷ್ಟ್ರು ಚಹಾ ಕುಡಿಯುವ ನೆಪ ಮಾಡಿಕೊಂಡು ಹೊರಗೆ ಹೋದರು. ಎದುರಿನ ಸ್ಟೂಲಿನ ಮೇಲೆ ಕೂತಳು.

"ನಾನೂ ಒಂದು ಒರೆಸಿದ್ದೀನಿ ಅತ್ತೆ," ಎಂದಳು.

ಆ ದಿನ ಮೇಲೆ ಬರುವ ಹೊತ್ತಾಗಿತ್ತಂತೆ. ನೀರೊಳಗೆ ಇಬ್ಬರು ಇಳಿದರೆ ಇಬ್ಬರೂ ಒಟ್ಟಿಗೇ ಹತ್ತಬೇಕು, ಅದು ಅವರ ಮೊದಲ ಪಾಠ. ನನ್ನ ಮಗನೇ ಎಲ್ಲರಿಗೂ ಕಲಿಸುತ್ತಿದ್ದ ಪಾಠ. ಬಂಡೆಯ ಮೇಲಿಂದ ಹಗ್ಗದ ಕಡೆ ತಿರುಗುವಾಗ ಅವನ ಕೈಯ ಲೈಟು ಜಾರಿತು, ಬಂಡೆಯ ಅಂಚಿನಾಚೆ ಹೋಯಿತು. ಬಿಡು ಎಂದು ಇವಳು ಕೈಯಾಡಿಸಿದಳು. ಅವನು ಐದು ಬೆರಳು ತೋರಿಸಿದ. ಐದು ನಿಮಿಷ. ನೀನು ಮೇಲೆ ಹೋಗು.

"ಸೆಳೆತ ಎದ್ದ ಮೇಲೆ ನಾನು ವಾಪಸು ಹೋದೆ ಅತ್ತೆ. ಕಾಲು ಬಡಿದೆ, ಬಡಿದೆ. ಇದ್ದಲ್ಲೇ ಇದ್ದೆ. ಮಂಡಿ ಪಟ್ ಅಂತು. ಗಾಳಿ ಮುಗೀತಾ ಬಂತು."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಸತ್ತವನ ಮೇಲೆ ತಪ್ಪು ಹೊರಿಸೋದು ಹೇಗೆ? ಅದೂ ಅವನ ಅಮ್ಮನ ಮುಂದೆ. ನಂದೇ ಅಂತ ನೀವು ಅಂದ್ಕೊಂಡ್ರೆ ಅಂದ್ಕೊಳ್ಳಿ ಅನ್ನಿಸ್ತು."

ಒಂದು ಲೈಟು. ನೆಲಕ್ಕೆ ಬಿದ್ದ ಒಂದು ಝಿಪ್ ಹಲ್ಲಿಗಾಗಿ ಇಡೀ ಅಂಗಡಿ ಗುಡಿಸಿ ಹುಡುಕುವವಳು ನಾನು. ಹೋದ ಸಾಮಾನನ್ನು ಹೋಯಿತು ಎಂದು ಬಿಟ್ಟು ಎದ್ದವಳಲ್ಲ. ಅವನು ಬೆಳೆದದ್ದು ಇದೇ ಕೌಂಟರಿನ ಕೆಳಗೆ.

"ಅಲ್ಲಿ ಏನಿದೆ ಅಂತ ಹೋಗ್ತೀಯ?" ಎಂದೆ.

"ಏನೂ ಇರಲ್ಲ. ಅವತ್ತು ಮುಟ್ಟಲಾಗದ ಜಾಗ. ಒಂದು ಸಲ ಮುಟ್ಟಿ ಬರ್ತೀನಿ ಅಷ್ಟೇ."

ಆಮೇಲೆ ಕೇಳಿದೆ: "ದಾರಿ ತೋರಿಸೋಕೆ ನಿನ್ನ ಜೊತೆ ಇಳಿಯೋ ಅಲ್ಲಿನ ಡೈವ್ ಮಾಸ್ಟರಿಗೆ ಯಂತ್ರ ಇದೆಯಾ?"

"ಇಲ್ಲ. ಅವರು ಕಾಲಲ್ಲೇ ಬರ್ತಾರೆ."

"ಹಾಗಾದ್ರೆ ಇದು ಕೆಟ್ಟರೆ ನಿನ್ನನ್ನ ಎಳೆಯೋರು ಯಾರು? ಇಬ್ಬರ ಕೈಯಲ್ಲೂ ಒಂದೊಂದು ಇರಬೇಕು. ಒಂದು ನಿಂತರೆ ಇನ್ನೊಂದು ಇಬ್ಬರನ್ನೂ ಎಳೀಬೇಕು."

ಅವಳು ನನ್ನನ್ನೇ ನೋಡಿದಳು. ನಾನು ಕಾಗದ ಎಳೆದುಕೊಂಡು ತೂಕ ಕೂಡಿಸತೊಡಗಿದೆ.

ಫೆಬ್ರವರಿ ೨೦, ಶುಕ್ರವಾರ

ಮೋಟಾರು ಬೇರೆ ಗೂಡಿನಲ್ಲಿದ್ದ ಕಾರಣ ಉಳಿದಿದೆ. ಹೊಸ ಬ್ಯಾಟರಿ, ಹೊಸ ಉಂಗುರ ಹಾಕಿಸಿದೆವು. ಎರಡನೇ ಯಂತ್ರವಾಗಿ ಗುಳ್ಳೆ ತನ್ನ ಸ್ವಂತದ್ದನ್ನೇ ಕೊಟ್ಟ. ಅದೂ ಬೂದು ಬಣ್ಣದ್ದೇ.

"ಒಂದೇ ಷರತ್ತು ಮೇಡಂ. ಮೇಣದಬತ್ತಿ ಇರೋ ರೂಮಲ್ಲಿ ಇಡಬೇಡಿ."

"ನಿನ್ನ ಬಾಯಿಗೆ ಸ್ವಲ್ಪ ಹಚ್ಚಲಾ?"

ಮೇಷ್ಟ್ರು ನಗು ತಡೆಯಲಾಗದೆ ಸೂಜಿ ಮುರಿದರು.

ಎರಡಕ್ಕೂ ಚೀಲ ಹೊಲಿಸುತ್ತಿದ್ದೇನೆ. ಪೆಟ್ಟಿಗೆಯ ಜೊತೆ ಬಂದ ಚೀಲ ಒಂಬೈನೂರು ಗ್ರಾಂ, ದುಡುಕಿ ಮಾಡಿದ್ದು. ನಮ್ಮದು ಮುನ್ನೂರ ಹತ್ತು. ಫ್ಯಾನಿನ ಸುತ್ತ ದಪ್ಪ ಸ್ಪಂಜು, ಉಳಿದ ಕಡೆ ಅವಳ ಡೈವಿಂಗ್ ಸೂಟನ್ನೇ ಮಡಚಿ ಸುತ್ತಿದರೆ ಸಾಕು. ಹೇಗೂ ಒಯ್ಯುವ ಬಟ್ಟೆ, ಅದೇ ದಿಂಬು. ಸೂಟನ್ನು ಗೋಡೌನಿನಿಂದ ನಾನೇ ತಂದು ಧೂಳು ಕೊಡವಿದೆ.

ಹೆಚ್ಚುವರಿ ಸೇರಿ ಒಂದು ಯಂತ್ರಕ್ಕೆ ಎರಡು ಬ್ಯಾಟರಿ, ಒಟ್ಟು ನಾಲ್ಕು. ಎಲ್ಲವೂ ಕೈಚೀಲದಲ್ಲೇ ಹೋಗಬೇಕು, ಆ ಚಿಕ್ಕ ವಿಮಾನದವರು ತಲೆಗೆ ಎರಡೇ ಬಿಡುತ್ತಾರೆ. ಆದ್ದರಿಂದ ಇನ್ನೊಂದು ತಲೆ ಬೇಕು. ಅವಳ ಟಿಕೆಟ್ ಮತ್ತೆ ತೆಗೆಸಿ, ನನ್ನದೂ ತೆಗೆಸಿದೆ. ಬೇರೆ ದಾರಿ ಇರಲಿಲ್ಲ.

ಬೆಳಿಗ್ಗೆ ಇಪ್ಪತ್ತು ಮೇಲೆ, ಇಪ್ಪತ್ತು ಕೆಳಗೆ. ಈಗ ಎರಡು ಸುತ್ತು.

ಫೆಬ್ರವರಿ ೨೭, ಶುಕ್ರವಾರ

ಮತ್ತೆ ಕೊಳ. ಉಂಗುರಕ್ಕೆ ಗ್ರೀಸನ್ನು ನಾನೇ ಹಚ್ಚಿದೆ, ಸೊಸೆಯೇ ಹಚ್ಚಿ ಎಂದಳು. ಅವರೆಕಾಳಿನಷ್ಟು ಸಾಕು. ಹಚ್ಚುವ ಮುಂಚೆ ಕೈಯನ್ನು ಮೂರು ಸಲ ತೊಳೆದೆ. ಜೋರು ಸ್ಪೀಡಿನಲ್ಲಿ ಇಪ್ಪತ್ತೆರಡು ನಿಮಿಷ ಓಡಿತು. ಗುಳ್ಳೆ ಇಪ್ಪತ್ತು ಅಂದಿದ್ದ.

ಮಾರ್ಚ್ ೧, ಭಾನುವಾರ

ಚಿಕ್ಕ ವಿಮಾನದಲ್ಲಿ ಹತ್ತೇ ಸೀಟು. ಸಾಮಾನಿನ ಜೊತೆ ಮನುಷ್ಯರನ್ನೂ ತೂಕಕ್ಕೆ ನಿಲ್ಲಿಸಿದರು. ಜೀವಮಾನವೆಲ್ಲ ತೂಗಿದವಳನ್ನು ಕೊನೆಗೂ ಒಬ್ಬರು ತೂಗಿದರು. ಎಷ್ಟೆಂದು ಬರೆಯುವುದಿಲ್ಲ.

ತಪಾಸಣೆಯ ಹೆಂಗಸು ಚೀಲ ಬಿಚ್ಚಿಸಿದಳು. "ಇದೇನಮ್ಮಾ?"

"ನೀರೊಳಗಿನ ಸ್ಕೂಟರ್. ಬ್ಯಾಟರಿ ಬಿಚ್ಚಿದೆ, ತೊಂಬತ್ತೆಂಟು ವಾಟ್-ಅವರ್, ತುದಿಗೆ ಟೇಪು ಹಾಕಿದೆ, ಒಂದೊಂದೂ ಬೇರೆ ಬೇರೆ ಪೌಚಲ್ಲಿದೆ."

"ನೀವು ಓಡಿಸ್ತೀರಾ?"

"ನಾನು ಹೊರ್ತೀನಿ. ಓಡಿಸೋದು ಇವಳು, ನಮ್ಮನೆ ಹುಡುಗಿ."

ಸಾಮಾನು ನನ್ನದು ಹದಿನಾಲ್ಕು ಕಿಲೋ ಎಂಟುನೂರು, ಅವಳದು ಹದಿನಾಲ್ಕು ಕಿಲೋ ಒಂಬೈನೂರ ಐವತ್ತು. ಸೊಸೆ ಯಾಕೋ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಕೂತಿದ್ದಳು.

ಮಾರ್ಚ್ ೩, ಮಂಗಳವಾರ

ದೋಣಿಯಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಓಲಾಡುತ್ತಿವೆ.

ಸಮುದ್ರ ಇಷ್ಟು ಸುಮ್ಮನಿರಬಲ್ಲದು ಎಂದು ತಿಳಿದಿರಲಿಲ್ಲ. ತಟ್ಟೆಯಲ್ಲಿಟ್ಟ ಹಾಗಿದೆ. ಒಂಬತ್ತು ಹನ್ನೆರಡಕ್ಕೆ ಇಳಿದರು, ಸೊಸೆ ಮತ್ತು ಡೈವ್ ಮಾಸ್ಟರು. ಇಳಿಯುವ ಮುಂಚೆ ಮುಚ್ಚಳಗಳನ್ನು ನಾನು ಒಂದು ಸಲ, ಅವಳು ಒಂದು ಸಲ ತಿರುಗಿಸಿ ನೋಡಿದೆವು.

"ಏನೇ ಬಿದ್ರೂ ಹಿಂದೆ ಹೋಗಬೇಡ," ಎಂದೆ. "ಯಂತ್ರ ಬಿದ್ರೂ ಸೈ. ಹೋದ್ರೆ ಹೋಯ್ತು."

"ಗುಳ್ಳೆಯದ್ದು ಬಿದ್ರೆ?"

"ಅವನಿಗೆ ನಾನು ಹೇಳ್ಕೋತೀನಿ."

ಒಂಬತ್ತು ಮೂವತ್ತು. ಅವರ ಉಸಿರಿನ ಗುಳ್ಳೆಗಳು ಬಂಡೆಯ ಮೇಲೆ ಹಾದು ಆಚೆ ಹೋದವು. ಈಗ ಕಾಣುತ್ತಿಲ್ಲ.

ದೋಣಿಯವನು ಹೇಳುತ್ತಾನೆ: "ಅಮ್ಮಾ, ಗಡಿಯಾರ ನೋಡ್ತಾ ಕೂತ್ರೆ ಬೇಗ ಬರಲ್ಲ ಅವರು."

"ನೋಡದಿದ್ರೆ ಬರ್ತಾರಾ?"

ಅವನೂ ನೀರನ್ನೇ ನೋಡುತ್ತ ಕೂತ.

ಒಂಬತ್ತು ಮೂವತ್ತಾರು.

ಒಂಬತ್ತು ನಲವತ್ತು. ಕೈಯನ್ನು ನೀರಿಗೆ ಇಳಿಬಿಟ್ಟೆ. ಬೆಚ್ಚಗಿತ್ತು.

ಒಂಬತ್ತು ನಲವತ್ತೊಂಬತ್ತು, ಹಗ್ಗದ ಹತ್ತಿರ ಮೊದಲು ಅವನ ತಲೆ, ಆಮೇಲೆ ಅವಳದು.

ಇಳಿದವರು ಇಬ್ಬರು. ಹತ್ತಿದವರು ಇಬ್ಬರು.

ಉಳಿದದ್ದು ದಡದಲ್ಲಿ ಕೂತು ಬರೆದದ್ದು. ಕೈ ಕೊಟ್ಟು ಅವಳನ್ನು ಎಳೆದುಕೊಂಡೆ. ಮುಖದ ಮೇಲೆ ಡೈವಿಂಗ್ ಕನ್ನಡಕದ ಅಚ್ಚು ಬಿದ್ದಿತ್ತು. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು.

"ಏನಿತ್ತು?" ಎಂದೆ.

"ಮರಳು ಅತ್ತೆ. ಬಿಳೀ ಮರಳು. ಕಲ್ಲಿನ ಸಂದಿಯಲ್ಲಿ ಎರಡು ಮೀನು." ಆಮೇಲೆ, "ಲೈಟೂ ಇತ್ತು. ಪಾಚಿ ಕಟ್ಟಿದೆ. ಅಲ್ಲೇ ಬಿಟ್ಟು ಬಂದೆ," ಎಂದಳು.

"ಒಳ್ಳೇದಾಯ್ತು," ಎಂದೆ. ನನಗೇ ಆಶ್ಚರ್ಯವಾಯಿತು, ನಿಜವಾಗಿಯೂ ಒಳ್ಳೆಯದಾಯಿತು ಅನ್ನಿಸಿತು.

ಅವಳು ದೋಣಿಯ ತಳದಲ್ಲಿ ಒರಗಿ, ಎಡಗಾಲನ್ನು ನನ್ನ ತೊಡೆಯ ಮೇಲೆ ಚಾಚಿ ಕಣ್ಣು ಮುಚ್ಚಿದಳು. ಉಪ್ಪು ನೀರು ಬಿದ್ದ ಯಂತ್ರವನ್ನು ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು ಎಂದು ಗುಳ್ಳೆ ನಾಲ್ಕು ಸಲ ಹೇಳಿದ್ದ. ದಡಕ್ಕೆ ಬಂದ ಮೇಲೆ ಎರಡನ್ನೂ ಬಕೆಟ್ಟಿನಲ್ಲಿ ಮುಳುಗಿಸಿ ತೊಳೆದೆ, ಬಟ್ಟೆಯಲ್ಲಿ ಒರೆಸಿದೆ. ಅವಳದರ ಮುಚ್ಚಳ ತಿರುಗಿಸಿ, ಬೆರಳು ಹಾಕಿ, ಮೂಲೆ ಮೂಲೆ ಮುಟ್ಟಿ ನೋಡಿದೆ.

ಒಳಗೆ ಒಂದು ಹನಿಯೂ ಇರಲಿಲ್ಲ.